ಯಂತ್ರಕ್ಕೆ ಹಣ, ಕಬ್ಬಿಣಕ್ಕೆ?

1950ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಕುಶಲಕರ್ಮಿ ತರಬೇತಿ ಯೋಜನೆಯ ಆಡಳಿತವು 1956ರಲ್ಲಿ ರಾಜ್ಯಗಳಿಗೆ ಬಂದಿತು. 1969ರಲ್ಲಿ ಖರ್ಚಿನ ಭಾರವೂ ಬಂದಿತು. ಪಠ್ಯಕ್ರಮ, ಅಖಿಲ ಭಾರತ ಪರೀಕ್ಷೆ, ಪ್ರಮಾಣಪತ್ರಗಳು ಮಾತ್ರ ದೆಹಲಿಯ ಕೈಯಲ್ಲಿಯೇ ಉಳಿದವು. ಗುಣಮಟ್ಟವನ್ನು ವಿಧಿಸುವವರು ಒಬ್ಬರು, ಅದರ ವೆಚ್ಚವನ್ನು ಭರಿಸುವವರು ಇನ್ನೊಬ್ಬರು!

ಇಂತಹ ಹಂಚಿಕೆಯಲ್ಲಿ ಕಣ್ಣಿಗೆ ಕಾಣುವ ವೆಚ್ಚಕ್ಕೇ ಮನ್ನಣೆ. 150 ಸರ್ಕಾರಿ ಕೈಗಾರಿಕಾ ತರಬೇತಿ ಸಂಸ್ಥೆಗಳನ್ನು ತಾಂತ್ರಿಕ ಕೇಂದ್ರಗಳನ್ನಾಗಿ ಪರಿವರ್ತಿಸಲು ಕರ್ನಾಟಕವು ಟಾಟಾ ಟೆಕ್ನಾಲಜೀಸ್‌ನೊಡನೆ ಕೈಜೋಡಿಸಿತು. 4,600 ಕೋಟಿ ರೂಪಾಯಿಗೂ ಮೀರಿದ ಆ ಕಾರ್ಯವು 2022ರ ಜೂನ್‌ನಲ್ಲಿ ಲೋಕಾರ್ಪಣೆಗೊಂಡಿತು. ಸ್ತುತ್ಯವಾದ ಸಾಹಸವೇ ಸರಿ. ಆದರೆ ಫಿಟ್ಟರ್ ವಿದ್ಯಾರ್ಥಿಯು ಅರ ಹಿಡಿದು ಕಬ್ಬಿಣವನ್ನು ಉಜ್ಜಿ ಉಜ್ಜಿ, ಅಳತೆ ತಪ್ಪಿದುದನ್ನು ಬದಿಗೆಸೆದು, ಮತ್ತೊಂದು ತುಂಡನ್ನು ಕೈಗೆತ್ತಿಕೊಂಡಾಗಲೇ ಕಸುಬು ಕೈಗೆ ಹತ್ತುವುದು. ಕೆಟ್ಟುಹೋದ ಆ ತುಂಡಿನ ಬೆಲೆಯನ್ನು ಪ್ರತಿವರ್ಷದ ಆಯವ್ಯಯದಲ್ಲಿ ಬರೆಯುವವರಾರು? ಪಕ್ಕದಲ್ಲಿ ನಿಂತು ಕೈ ತಿದ್ದುವ ಬೋಧಕನ ಸಂಬಳವನ್ನು? ಯಂತ್ರಕ್ಕೆ ಉದ್ಘಾಟನಾ ಸಮಾರಂಭವುಂಟು, ಬೋಧಕನ ನೇಮಕಕ್ಕೆ ಅದಿಲ್ಲವಷ್ಟೆ.

ವಿದ್ಯಾರ್ಥಿಯೊಬ್ಬನಿಗೆ ಇಷ್ಟೆಂದು ಕಚ್ಚಾಸಾಮಗ್ರಿಯ ಮೊತ್ತವನ್ನೂ ಬೋಧಕರ ಕಾಯಂ ಹುದ್ದೆಗಳನ್ನೂ ಮೊದಲು ನಿಗದಿಪಡಿಸಿ, ಅನಂತರ ಯಂತ್ರಗಳನ್ನು ಕೊಳ್ಳುವುದು ರಾಜ್ಯಕ್ಕೆ ಶ್ರೇಯಸ್ಕರ. ತಾನು ವಿಧಿಸಿದ ಪಠ್ಯಕ್ರಮಕ್ಕೆ ತಗಲುವ ಈ ನಿತ್ಯದ ಖರ್ಚಿನಲ್ಲಿ ಕೇಂದ್ರವೂ ಪಾಲು ಹೊರಬೇಕು.