ನೀರು ಕುಡಿದ ಕಾರಿಗೂ ಜಾತಕ ಬೇಡವೇ?

ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಹೋದ ರೈತ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಸುಳಿ ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಆಮೇಲೇ ಟವೆಲ್ ಮರೆಯಲ್ಲಿ ಬೆರಳು ಹಿಡಿದು ದರದ ಮಾತು. ಅದೇ ರೈತನ ಮಗ ಬೆಳ್ಳಂದೂರಿನಲ್ಲಿ ಮೂರ್ನಾಲ್ಕು ಲಕ್ಷ ಎಣಿಸಿ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ನೋಡುವುದೇನು? ಬಣ್ಣ, ಸೀಟ್ ಕವರ್, ಹಾಡುವ ಡಬ್ಬ!

ಕಾರಿಗೂ ಹಲ್ಲು ಇದೆ ಸ್ವಾಮಿ. ಅದರ ಹೆಸರು ಸರ್ವಿಸ್ ಹಿಸ್ಟರಿ. ಎಷ್ಟು ಕಿಲೋಮೀಟರಿಗೆ ಆಯಿಲ್ ಬದಲಾಯಿತು, ಕ್ಲಚ್ ಯಾವಾಗ ಹೋಯಿತು, ಎಲ್ಲಿ ಗುದ್ದಿತು, ಏನು ರಿಪೇರಿ ಆಯಿತು — ಎಲ್ಲವೂ ಅದರಲ್ಲಿ ಉಂಟು. ಇದೇ ಕಾರಿನ ಜಾತಕ. ಈ ಜಾತಕ ಕೈಯಲ್ಲಿದ್ದವನಿಗೆ ಒಂದು ದರ, ಇಲ್ಲದವನಿಗೆ ಇನ್ನೊಂದು ದರ.

ನಾವು 500 ಸರಣಿಯ ಬಸ್ಸಿನಲ್ಲಿ ಜೋತಾಡಿಕೊಂಡು ಹೋಗುವವರು, ನಮಗೇಕೆ ಈ ಉಸಾಬರಿ ಅನ್ನಬೇಡಿ. ಹೊಸ ಕಾರು ಕೊಳ್ಳುವವರಿಗೆ ಕಂಪನಿ ವಾರಂಟಿ ಇದೆ. ಸಾಮಾನು ತರಲು ಹಳೇ ವ್ಯಾನ್ ಹುಡುಕುವ ಅಂಗಡಿಯವರಿಗೆ, ಮಗಳ ಮದುವೆಗೆ ಮುಂಚೆ ಒಂದು ಸಣ್ಣ ಕಾರು ಮಾಡಿಕೊಳ್ಳೋಣ ಅನ್ನುವ ಗುಮಾಸ್ತರಿಗೆ ಏನಿದೆ? ಮೋಸ ಹೋಗುವವರು ಇವರೇ.

ದರ ಎಲ್ಲಿ ಮುರಿಯುತ್ತದೆ?

ಹಳೇ ಕಾರು ಕೊಟ್ಟು ಹೊಸದು ತರುವ ಎಕ್ಸ್‌ಚೇಂಜ್ ವ್ಯಾಪಾರ ನೋಡಿ. ಷೋರೂಮಿನವರು ನಿಮ್ಮ ಕಾರನ್ನು ಮನೆಗೆ ಇಟ್ಟುಕೊಳ್ಳುವುದಿಲ್ಲ, ಮಾರುತ್ತಾರೆ. ದಾಖಲೆ ಪೂರ್ತಿ ಇದ್ದರೆ ಗ್ಯಾರಂಟಿ ಕೊಟ್ಟು ಮಾರಬಹುದು, ಅದಕ್ಕೆ ನಿಮಗೂ ನಾಲ್ಕು ಕಾಸು ಹೆಚ್ಚು ಸಿಗುತ್ತದೆ. ದಾಖಲೆ ಇಲ್ಲವೆಂದರೆ ಅವರು ಕೆಟ್ಟದ್ದನ್ನೇ ಊಹಿಸಿಕೊಳ್ಳುತ್ತಾರೆ. ಆಯಿಲ್ ಬದಲಾಯಿಸಿಲ್ಲ, ಎಂಜಿನ್ ಸವೆದಿದೆ, ಮೀಟರ್ ತಿರುಗಿಸಿದ್ದಾರೆ ಅಂತ ಒಂದೊಂದಕ್ಕೂ ಕಾಸು ಮುರಿಯುತ್ತಾರೆ. ಅಂಗಡಿಯವರಿಗೆ ಇದು ಬಿಡಿಸಿ ಹೇಳಬೇಕೆ? ಲೆಕ್ಕದ ಪುಸ್ತಕ ಇಲ್ಲದ ಅಂಗಡಿಯನ್ನು ಯಾರು ಒಳ್ಳೇ ದರಕ್ಕೆ ಕೊಳ್ಳುತ್ತಾರೆ?

ಮೀಟರ್ ತಿರುಗಿಸುವ ಕಸುಬಿಗೂ ಈ ಜಾತಕವೇ ಮದ್ದು. ಕಾರಿನ ಮೀಟರ್ 35,000 ತೋರಿಸುತ್ತಿದೆ. ಎರಡು ವರ್ಷ ಹಿಂದಿನ ಸರ್ವಿಸ್ ಬಿಲ್ಲಿನಲ್ಲಿ 62,000 ಬರೆದಿದೆ ಅಂದುಕೊಳ್ಳಿ. ಕಳ್ಳನನ್ನು ಹಿಡಿಯಲು ಪೊಲೀಸರೇ ಬೇಕೆ?

ನೀರು ಕುಡಿದ ಎಂಜಿನ್

ಇದೆಲ್ಲ ಎಲ್ಲ ಊರಿನ ಕಥೆ. ಬೆಳ್ಳಂದೂರಿನ ಕಥೆ ಬೇರೆಯೇ ಇದೆ.

2022ರ ಆಗಸ್ಟ್ 30ರ ಮಳೆ, ಅದು ಇಳಿಯುವ ಮುಂಚೆ ಸೆಪ್ಟೆಂಬರ್ 4ರ ರಾತ್ರಿಯ ಮಳೆ ಯಾರಿಗೆ ಮರೆತಿದೆ? ಕೆರೆಗಳು ತುಂಬಿ ಹರಿದವು, ಒತ್ತುವರಿಯಾದ ರಾಜಕಾಲುವೆ ಬಾಯಿ ಕಟ್ಟಿಕೊಂಡು ಕುಳಿತಿತ್ತು. ಇಕೋಸ್ಪೇಸ್ ಮುಂದಿನ ಹೊರ ವರ್ತುಲ ರಸ್ತೆಯೇ ಕೆರೆಯಾಯಿತು. ಯಮಲೂರಿನ ಬಂಗಲೆಗಳಿಗೆ ದೋಣಿ ಬಂತು, ಐಟಿ ನೌಕರರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. ಆಗಸ್ಟ್ 30ರ ಒಂದೇ ದಿನ ₹225 ಕೋಟಿ ನಷ್ಟವೆಂದು ವರ್ತುಲ ರಸ್ತೆಯ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಪತ್ರ ಬರೆಯಿತು. ಸರಿ. ನೆಲಮಾಳಿಗೆಗಳಲ್ಲಿ ಮುಳುಗಿದ ಕಾರುಗಳು ಆಮೇಲೆ ಎಲ್ಲಿ ಹೋದವು ಎಂಬ ಲೆಕ್ಕವನ್ನು ಯಾರು ಇಟ್ಟರು?

ಮುಳುಗಿದ ಕಾರಿನ ಕಾಯಿಲೆ ಎರಡು ಬಗೆಯದು. ಗಾಳಿ ಎಳೆಯುವ ದಾರಿಯಲ್ಲಿ ನೀರು ಎಂಜಿನ್ ಒಳಗೆ ಹೋಗುತ್ತದೆ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಯಾರೋ ಆತುರಗೇಡಿ ಕೀಲಿ ತಿರುಗಿಸಿದನೋ, ಕನೆಕ್ಟಿಂಗ್ ರಾಡ್ ಬಾಗಿತು. ಇದು ಕೂಡಲೇ ಕಾಣುವ ಕಾಯಿಲೆ. ಇನ್ನೊಂದು ಕಳ್ಳ ಕಾಯಿಲೆ. ಕೊಳಚೆ ನೀರು ವೈರಿಂಗಿನ ಕೀಲುಗಳಲ್ಲಿ, ಕಂಪ್ಯೂಟರ್ ಪೆಟ್ಟಿಗೆಯಲ್ಲಿ ಕುಳಿತು ತಿಂಗಳುಗಟ್ಟಲೆ ತಿನ್ನುತ್ತದೆ. ತೊಳೆದು ಒಣಗಿಸಿ ಪಾಲಿಷ್ ಹಾಕಿದ ಕಾರು ಮದುಮಗನ ಹಾಗೆ ನಿಲ್ಲುತ್ತದೆ. ಕೊಂಡವನ ಕೈಯಲ್ಲಿ ಆರು ತಿಂಗಳಾದ ಮೇಲೆ ನಡುರಸ್ತೆಯಲ್ಲಿ ಕೈ ಎತ್ತುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಇದಕ್ಕೆ ವಿಮೆಯ ಲೆಕ್ಕವೂ ಸೇರುತ್ತದೆ. ರಿಪೇರಿ ಖರ್ಚು ಕಾರಿನ ವಿಮಾ ಮೌಲ್ಯದ ಶೇಕಡ 75 ದಾಟಿದರೆ ‘ಟೋಟಲ್ ಲಾಸ್’ ಅಂತ ಕೈ ತೊಳೆದುಕೊಂಡು ಹಣ ಕೊಡುತ್ತಾರೆ, ಕಾರಿನ ಹೆಣ ಹರಾಜಿಗೆ ಹೋಗುತ್ತದೆ. ಹೆಣ ಹೆಣವಾಗಿಯೇ ಉಳಿದರೆ ತೊಂದರೆ ಇಲ್ಲ. ಮತ್ತೆ ಎದ್ದು ಬಂದು ಮಾರುಕಟ್ಟೆಯಲ್ಲಿ ನಿಂತರೆ?

ಆರ್.ಸಿ. ಏನು ಹೇಳುತ್ತದೆ?

ಏನೂ ಹೇಳುವುದಿಲ್ಲ! ಮಾಲೀಕ ಯಾರು, ಸಾಲ ಇದೆಯೇ, ವಿಮೆ ಎಲ್ಲಿಯವರೆಗೆ ಎಂಬುದು ಸರ್ಕಾರದ ದಾಖಲೆಯಲ್ಲಿ ಸಿಗುತ್ತದೆ. ಕಾರು ಮುಳುಗಿತ್ತೇ ಎಂಬುದಕ್ಕೆ ಅಲ್ಲಿ ಜಾಗವೇ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 55ನೇ ಕಲಂ ಪ್ರಕಾರ ವಾಹನ ನಾಶವಾದರೆ ಅಥವಾ ಶಾಶ್ವತವಾಗಿ ಕೆಲಸಕ್ಕೆ ಬಾರದಂತಾದರೆ 14 ದಿನದೊಳಗೆ ಇಲ್ಲವೇ ಆದಷ್ಟು ಬೇಗ ಆರ್.ಟಿ.ಓ.ಗೆ ತಿಳಿಸಬೇಕು. ಆದರೆ ಹೇಗೋ ರಿಪೇರಿಯಾಗಿ ಓಡಿದ ಕಾರಿಗೆ ಈ ಮಾತು ತಗಲುವುದಿಲ್ಲ. ಸಂದು ಇರುವುದು ಇಲ್ಲೇ.

ಹಳೇ ವಾಹನದ ಡೀಲರುಗಳಿಗೆಂದು ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ನಿಯಮ ಮಾಡಿತು. 2023ರ ಏಪ್ರಿಲಿನಿಂದ ಜಾರಿ. ಅಧಿಕೃತ ಡೀಲರ್ ಕೈಗೆ ಕಾರು ಒಪ್ಪಿಸಿದ್ದು ದಾಖಲಾದ ಮೇಲೆ ಅವನೇ ಮಾಲೀಕನಿದ್ದಂತೆ. ಒಳ್ಳೆಯದು. ಒಡೆತನದ ಗಂಟು ಬಿಚ್ಚಿತು, ಕಾರಿನ ಆರೋಗ್ಯದ ಗಂಟು ಹಾಗೇ ಉಳಿಯಿತು. ಅಮೆರಿಕದ ಅನೇಕ ರಾಜ್ಯಗಳಲ್ಲಿ ಪ್ರವಾಹಕ್ಕೆ ಸಿಕ್ಕಿ ಕೆಟ್ಟ ಕಾರಿನ ಒಡೆತನದ ಪತ್ರದ ಮೇಲೇ ಮುದ್ರೆ ಬೀಳುತ್ತದೆ. ನಮ್ಮ ಆರ್.ಸಿ.ಯಲ್ಲಿ ಒಂದು ಸಾಲು ಬರೆಯಲು ಏನು ಅಡ್ಡಿ?

ಮೂಲೆ ಗ್ಯಾರೇಜಿನ ಬಿಲ್ಲಿಗೂ ಬೆಲೆ ಬರಲಿ

ಹಾಗಂತ ಕಂಪನಿ ಸರ್ವಿಸ್ ಸೆಂಟರಿನ ಮೊಹರು ಇದ್ದರೆ ಮಾತ್ರ ಜಾತಕ ಎನ್ನುವುದು ಅನ್ಯಾಯ. ಹೊರಗಿನ ಗ್ಯಾರೇಜುಗಳಿಗೆ ಬಿಡಿಭಾಗ, ತಾಂತ್ರಿಕ ಮಾಹಿತಿ ಸಿಗದಂತೆ ಮಾಡಿದ್ದಾರೆಂದು 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಸುಮಾರು ₹2,544 ಕೋಟಿ ದಂಡ ಹಾಕಿತು. ಆಮೇಲೆ ಮೇಲ್ಮನವಿ, ಕೋರ್ಟು ಅಂತ ವ್ಯಾಜ್ಯ ಎಳೆಯಿತು, ಅದು ಬೇರೆ ಮಾತು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಸಾರಾಸಗಟಾಗಿ ವಾರಂಟಿ ರದ್ದು ಮಾಡುವ ಷರತ್ತು ಕೂಡದೆಂದೂ ಆ ಆದೇಶದಲ್ಲಿತ್ತು. ನಮ್ಮ ಮೂಲೆ ಗ್ಯಾರೇಜಿನ ಮೆಕ್ಯಾನಿಕ್ ಕೆಲಸದಲ್ಲಿ ಯಾರಿಗೂ ಕಡಿಮೆ ಇಲ್ಲ. ಅವನ ತಪ್ಪು ಒಂದೇ, ಬಿಲ್ ಬರೆಯುವುದಿಲ್ಲ. ನಾವೂ ಕೇಳುವುದಿಲ್ಲ. ತಾರೀಖು, ಕಿಲೋಮೀಟರು, ಹಾಕಿದ ಸಾಮಾನು ಬರೆದು ಸಹಿ ಹಾಕಿದ ಚೀಟಿಯೂ ದಾಖಲೆಯೇ ಅಲ್ಲವೇ?

ಆದ್ದರಿಂದ ಮಾರುವವರು ಸಣ್ಣ ಚೀಟಿಯನ್ನೂ ಬಿಸಾಡಬೇಡಿ. ಕೊಳ್ಳುವವರು ಹಳೇ ಬಿಲ್ಲು ಕೇಳಿ, ವಿಮೆಯ ಕ್ಲೇಮು ಕೇಳಿ. ಈ ಕಡೆಯ ಕಾರಾದರೆ 2022ರ ಸೆಪ್ಟೆಂಬರಿನ ಆಸುಪಾಸು ಏನು ರಿಪೇರಿ ಆಯಿತೆಂದು ಬಾಯಿ ಬಿಟ್ಟು ಕೇಳಿ. ಸ್ಟೆಪ್ನಿ ಎತ್ತಿ ಕೆಳಗೆ ಕೆಸರಿದೆಯೇ ನೋಡಿ. ಸೀಟ್ ಬೆಲ್ಟ್ ಪೂರ್ತಿ ಎಳೆದು ಕಲೆ ನೋಡಿ, ಕಾರ್ಪೆಟ್ ಎತ್ತಿ ಮೂಸಿ. ಡೀಲರ್ ಬೇಕೆಂದೇ ಸಂಗತಿ ಮುಚ್ಚಿಟ್ಟರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅದು ಸೇವಾ ನ್ಯೂನತೆ. ಗ್ರಾಹಕರ ಆಯೋಗದ ಬಾಗಿಲು ತಟ್ಟಬಹುದು.

ಮುಳುಗಿದ ಕಾರು ಮಾರಲೇಬಾರದು ಅನ್ನುತ್ತಿಲ್ಲ. ಮಾರಲಿ, ಹೇಳಿ ಮಾರಲಿ, ತಕ್ಕ ದರಕ್ಕೆ ಮಾರಲಿ. ವಿಮಾ ಕಂಪನಿಯ ಕಡತದಲ್ಲಿ, ಸರ್ವಿಸ್ ಸೆಂಟರಿನ ಕಂಪ್ಯೂಟರಿನಲ್ಲಿ ಇರುವ ಸತ್ಯ ಆರ್.ಸಿ.ಗೂ ಬರಲಿ. ಕಾಸು ಕಾಸು ಕೂಡಿಟ್ಟು ಕಾರು ಕೊಳ್ಳುವವನಿಗೆ ಎತ್ತಿನ ವ್ಯಾಪಾರದಲ್ಲಿ ಇರುವಷ್ಟಾದರೂ ನ್ಯಾಯ ಸಿಗಬೇಕು. ಸಾರಿಗೆ ಇಲಾಖೆಯವರು ಮುಂದಿನ ಮಳೆಗಾಲಕ್ಕೆ ಮುಂಚೆ ಕಣ್ಣು ಬಿಡುವರೇ?