ಗುಜರಿಗೆ ಹಾಕುವ ಮೊದಲು ಗಾದಿ ಬಿಚ್ಚಿ ನೋಡ್ರಿ

ಹೋದ ಬ್ಯಾಸಗಿಯಲ್ಲಿ ಮಕ್ತಲ್ ಕಡೆಯ ಒಂದು ಶಾಲೆಗೆ ಫ್ಯಾನ್ ರಿಪೇರಿಗೆ ಹೋಗಿದ್ದೆ. ಅದೇ ಹೊತ್ತಿಗೆ ಗುಜರಿಯವನ ಗಾಡಿಗೆ ಒಂದು ಗೋಣಿಚೀಲ ಏರುತ್ತಿತ್ತು. ಚೀಲದ ಬಾಯಿಯಿಂದ ಕರೀ ಪಟ್ಟಿಯೊಂದು ಇಣುಕಿದ್ದು ಕಂಡು ಎಳೆದು ನೋಡಿದರೆ ಹೆಡ್‌ಫೋನು. ಕಿವಿಯನ್ನು ಪೂರ್ತಿ ಮುಚ್ಚಿ ಕೂಡುವ ದೊಡ್ಡ ಬಟ್ಟಲಿನವು. ಎಣಿಸಿದೆ, 14 ಇದ್ದವು.

"ಯಾಕ್ರಿ ಸರ್, ಚಲೋ ಅದಾವಲ್ಲ?" ಅಂದೆ.

"ಎಲ್ಲೀ ಚಲೋ? ಮೆತ್ತನ್ನದೆಲ್ಲಾ ಉದುರಿ ಹೋಗ್ಯಾದ. ಹುಡುಗ್ರ ಕಿವಿಗೆ, ಕೆನ್ನಿಗೆ ಕರೀ ಚೂರು ಅಂಟ್ತಾವ. ಹೊಸಾವು ಬೇಕಂತ ಬರದು ಕಳಿಸೀವಿ."

ಗುಜರಿಯವನಿಗೆ ಅವನ ತೂಕದ ರೊಕ್ಕ ಕೊಟ್ಟು ಚೀಲ ಮನೆಗೆ ತಂದೆ. ಒಂದು ವಾರ ಕೂತು ಒಂದೊಂದೇ ನೋಡಿದೆ. 11ರ ಸ್ಪೀಕರಿಗೂ ವೈರಿಗೂ ಏನೂ ಆಗಿರಲಿಲ್ಲ. ಎರಡಕ್ಕೆ ವೈರು ಒಳಗೇ ಕಡಿದಿತ್ತು. ನಿಜವಾಗಿ ಸತ್ತದ್ದು ಒಂದೇ ಒಂದು. ಆ ಮಾಸ್ತರ ಮೇಲೆ ನನಗೆ ಸಿಟ್ಟಿಲ್ಲ ಅಂತ ಬರೆಯೋಣ ಅಂದುಕೊಂಡೇ ಈ ಲೇಖನಕ್ಕೆ ಕೂತೆ. ಆದರೆ ಸುಳ್ಳು ಯಾಕ, ಸಿಟ್ಟು ಅದ.

ನಾನು ಮೂವತ್ತು ವರ್ಷ ರೇಡಿಯೋ, ಟೇಪು, ಮಿಕ್ಸರು ಬಿಚ್ಚಿ ಹೊಟ್ಟಿ ಹೊರಕೊಂಡವ. ನಮ್ಮ ಮಂದಿಗೆ ರಿಪೇರಿ ಅಂದರೆ ಏನು ಅಂತ ನಾನು ಹೇಳಿಕೊಡಬೇಕಾಗಿಲ್ಲ. ಹಳೇ ಸೀರೆ ಹರಿದು ಕೌದಿ ಹೊಲಿದವರ ಮಕ್ಕಳು ನಾವು. ಗದ್ವಾಲ ಸೀರೆಯನ್ನೇ ನೋಡ್ರಿ, ಒಡಲು ಹತ್ತಿ, ಅಂಚು ಸೆರಗು ರೇಷ್ಮಿ, ಎರಡನ್ನೂ ಮಗ್ಗದ ಮೇಲೆ ಕೂಡಿಸಿದ್ದು. ಒಡಲು ಜೀರಾದರೆ ಅಂಚು ಬಿಚ್ಚಿ ಇನ್ನೊಂದಕ್ಕೆ ಹಚ್ಚಿದ ಮನೆಗಳು ಎಷ್ಟಿಲ್ಲ? ಸೀರೆ ಹಳೇದಾಯ್ತು ಅಂತ ಜರಿ ಅಂಚನ್ನು ಉಕ್ಕಡದಾಗ ಒಗದವರನ್ನ ನಾನಂತೂ ನೋಡಿಲ್ಲ. ಹಂಗಿದ್ದ ಮಂದಿ, ಪ್ಲಾಸ್ಟಿಕ್ಕಿನ ಸಾಮಾನು ಕೈಗೆ ಬಂದ ಕೂಡಲೇ ಸೂಜಿ ದಾರ ಮರೆತುಬಿಟ್ಟರು.

"ಹೋಗಲಿ ಬಿಡಪ್ಪಾ, ಹೆಡ್‌ಫೋನು ಅಂದ್ರ ಹುಡುಗ್ರ ಶೋಕಿ" ಅಂತೀರಿ. ಅಲ್ಲೇ ತಪ್ಪುತ್ತೀರಿ. ಶೋಕಿಯ ಮಾತಾಗಿದ್ದರೆ ನಾನು ವಾಚನಾಲಯದ ಪುಸ್ತಕದ ನಾಲ್ಕು ಪುಟ ಕೆಡಿಸುತ್ತಿರಲಿಲ್ಲ. ಹರಿದ ಗಾದಿಯಿಂದ ಕಿವಿ ಕೆಡುತ್ತದೆ. ಹ್ಯಾಂಗ ಅಂತ ಹೇಳುತ್ತೇನೆ, ಸಾವಕಾಶ ಓದ್ರಿ.

ಹೆಡ್‌ಫೋನಿನ ಬಟ್ಟಲೊಳಗೆ ಸಾಮಾನ್ಯವಾಗಿ 40 ಮಿಲಿಮೀಟರಿನ ಸಣ್ಣ ಸ್ಪೀಕರು ಇರುತ್ತದೆ. ಒಂದು ಅಯಸ್ಕಾಂತ, ಕೂದಲೆಳೆಯಂಥ ತಂತಿಯ ಸುರುಳಿ, ಈರುಳ್ಳಿ ಪೊರೆಯಂಥ ಪ್ಲಾಸ್ಟಿಕ್ ಹಾಳೆ. ಇಷ್ಟು ಸಣ್ಣದರಿಂದ ಡಗ್ಗಾದ ದಪ್ಪ ದನಿ ಹ್ಯಾಂಗ ಬರುತ್ತದೆ? ಅದು ಕಿವಿಗೆ ಹತ್ತಿರ ಇದ್ದು, ನಡುವಿನ ಗಾಳಿ ಹೊರಗೆ ಸೋರದಂತೆ ಗಾದಿ ಮುಚ್ಚಿ ಹಿಡಿದಿರುವುದರಿಂದ. ಗಾದಿ ಹರಿದರೆ, ಅದುಮಿ ಹೋಗಿದ್ದರೆ, ಆ ಸಂದಿಯಿಂದ ದಪ್ಪ ದನಿಯೇ ಮೊದಲು ಸೋರುವುದು. ಉಳಿದದ್ದು ತಗಡಿನ ದನಿ. ಅದೇ ಸಂದಿಯಿಂದ ಹೊರಗಿನ ಗದ್ದಲ ಒಳಗೆ ಬರುತ್ತದೆ: ಗಿರಣಿ, ಪಕ್ಕದ ಮನೆ ಟೀವಿ, ಆಟೋ. ಆಗ ಹುಡುಗ ಏನು ಮಾಡ್ತಾನ? ವಾಲ್ಯೂಮ್ ಏರಿಸ್ತಾನ. ಮತ್ತೆ ಏರಿಸ್ತಾನ. ಕೆಟ್ಟದ್ದು ಎರಡು ಬೆರಳಿನ ಸ್ಪಂಜು, ದಂಡ ತೆರುವುದು ಕಿವಿ.

ವಿಶ್ವ ಆರೋಗ್ಯ ಸಂಸ್ಥೆ ಒಂದು ಲೆಕ್ಕ ಕೊಟ್ಟಿದೆ. ದೊಡ್ಡವರಾದರೆ 80 ಡೆಸಿಬೆಲ್ ದನಿಯನ್ನು ವಾರಕ್ಕೆ 40 ತಾಸು ಕೇಳಬಹುದು. ಮಕ್ಕಳಾದರೆ ಆ 40 ತಾಸಿಗೆ 75 ಡೆಸಿಬೆಲ್ಲೇ ಮಿತಿ. ದನಿ 3 ಡೆಸಿಬೆಲ್ ಏರಿದರೆ ತಾಸು ಅರ್ಧ ಆಗುತ್ತದೆ. ಹಿಂಗಾಗಿ 90ಕ್ಕೆ ಹೋದರೆ ದೊಡ್ಡವರಿಗೂ ವಾರಕ್ಕೆ ಸುಮಾರು 4 ತಾಸು, ಅಷ್ಟೇ. ಕಿವಿಯೊಳಗಿನ ದನಿ ಹಿಡಿಯುವ ಸಣ್ಣ ಕೋಶಗಳು ಸತ್ತರೆ ಮನುಷ್ಯನಿಗೆ ಮತ್ತೆ ಹುಟ್ಟುವುದಿಲ್ಲ. ಅದರಲ್ಲೂ ಗದ್ದಲದಿಂದ ಮೊದಲು ಹೋಗುವುದು ಏರು ದನಿ ಹಿಡಿಯುವವು. ಮಾತಿನಲ್ಲಿ ಏರು ದನಿ ಎಲ್ಲಿರುತ್ತದೆ? ಸ, ಶ, ಫ ಇಂಥ ಅಕ್ಷರಗಳಲ್ಲಿ. ಸ್ವರ ಕೇಳುತ್ತದೆ, ವ್ಯಂಜನ ತಪ್ಪುತ್ತದೆ. "ಮಾತು ಕೇಳ್ತದ, ತಿಳಿಯಂಗಿಲ್ಲ" ಅಂತ ಮುದುಕರು ಅನ್ನುತ್ತಾರಲ್ಲ, ಆ ಮಾತು ಹುಡುಗರ ಬಾಯಲ್ಲಿ ಬರಬಾರದು.

ಇದು ನಮ್ಮ ಗಡಿಯ ಮಕ್ಕಳಿಗೆ ಇನ್ನೂ ಹೆಚ್ಚಿನ ಮಾತು. ಗದ್ವಾಲ, ಆಲಂಪುರ 1956ರ ತನಕ ರಾಯಚೂರು ಜಿಲ್ಲೆಯಲ್ಲೇ ಇದ್ದವು. ಆಮೇಲೆ ಗೆರೆ ಆ ಕಡೆ ಎಳೆದರು, ಮಾತು ಮಾತ್ರ ಈ ಕಡೆಯೂ ಉಳಿಯಿತು. ಕೃಷ್ಣಾ, ಮಾಗನೂರು ಕಡೆ ಮನೆಯಲ್ಲಿ ಕನ್ನಡ, ಬಜಾರದಲ್ಲಿ ತೆಲುಗು, ಹಾಡು ಬೇಕಾದರೆ ಉರ್ದು ಹಿಂದಿ. ಕನ್ನಡ ಶಾಲೆಯ ಹುಡುಗಿಗೆ ಪಾಠ ಮತ್ತೊಮ್ಮೆ ಕೇಳಬೇಕು ಅನಿಸಿದರೆ ಟ್ಯೂಶನ್ ಎಲ್ಲಿದೆ? ಫೋನಿನಲ್ಲೇ ಕೇಳಬೇಕು. 'ಸಾಲೆ' 'ಶಾಲೆ' ನಡುವಿನ ಭೇದ ಆ ಬಟ್ಟಲೊಳಗಿಂದಲೇ ಬರಬೇಕು. ಆ ಬಟ್ಟಲನ್ನೇ ನಾವು ಗೋಣಿಚೀಲಕ್ಕೆ ಹಾಕುತ್ತೇವೆ.

ನಮ್ಮ ಓಣಿಯಲ್ಲೇ ಒಬ್ಬಳು ಒಂಬತ್ತನೇ ಇಯತ್ತೆಯ ಹುಡುಗಿ. ಅಣ್ಣ ಬಿಟ್ಟ ಹೆಡ್‌ಫೋನು, ಗಾದಿ ಅರ್ಧ ಇಲ್ಲ. ಒಂದಿನ ಬಂದು, "ಕಾಕಾ, ರಾತ್ರಿ ಮಲಗಿದರ ಕಿವ್ಯಾಗ ಗುಂಯ್ ಅಂತದ" ಅಂದಳು. ಮೊದಲು ದವಾಖಾನಿಗೆ ತೋರಿಸ್ರಿ ಅಂತ ಅವರಪ್ಪಗ ಹೇಳಿದೆ. ಆಮೇಲೆ ಹೆಡ್‌ಫೋನು ಇಸಕೊಂಡು ಹೊಸ ಗಾದಿ ಹಾಕಿದೆ. ಮೊದಲು ವಾಲ್ಯೂಮು ತುದಿಗೆ ಒಂದು ಗೆರೆ ಕಡಿಮೆ ಇಟ್ಟು ಕೇಳುತ್ತಿದ್ದಳು, ಈಗ ಅದೇ ಪಾಠ ಅರ್ಧಕ್ಕಿಂತ ಸ್ವಲ್ಪ ಮೇಲೆ ಇಟ್ಟರೆ ಸಾಕಾಗುತ್ತದೆ. ಒಬ್ಬಳ ಮಾತಿದು, ಪ್ರಯೋಗಾಲಯದ್ದಲ್ಲ. ಆದರೂ ನಾನು ಕಣ್ಣಾರೆ ಕಂಡದ್ದು.

ಈಗ ನೀವೇ ಪರೀಕ್ಷೆ ಮಾಡ್ರಿ. ತಬಲಾ ಇರುವ ಭಜನಿ ಹಚ್ಚಿ, ಹೆಡ್‌ಫೋನು ತೊಟ್ಟು, ಎರಡೂ ಬಟ್ಟಲನ್ನು ಅಂಗೈಯಿಂದ ಮೆತ್ತಗೆ ಕಿವಿಗೆ ಒತ್ತಿರಿ. ಡಗ್ಗಾ ಒಮ್ಮೆಲೆ ತುಂಬಿ ಬಂತೋ, ಸ್ಪೀಕರು ಜೀವಂತ ಅದ, ಗಾದಿ ಹೋಗ್ಯಾದ. ಒಂದೇ ಕಿವಿಗೆ ಬರುತ್ತದೆ, ಪಿನ್ನಿನ ಹತ್ತಿರ ವೈರು ಬಗ್ಗಿಸಿದರೆ ಬಂದು ಹೋಗುತ್ತದೆ ಅಂದರೆ ವೈರಿನ ದೋಷ. ಈ ಎರಡು ನಿಮಿಷದ ಕೆಲಸವನ್ನು 14ರಲ್ಲಿ ಒಂದಕ್ಕೂ ಯಾರೂ ಮಾಡಿರಲಿಲ್ಲ.

ಆ ಕರೀ ಚೂರು ಯಾಕ ಉದುರುತ್ತದೆ ಅಂತ ಕೇಳುತ್ತೀರಿ. ಅದು ತೊಗಲಲ್ಲ. ಬಟ್ಟೆಯ ಮೇಲೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ತೆಳು ಲೇಪ. ಬೆವರು, ತಲೆಗೆ ಹಚ್ಚಿದ ಎಣ್ಣಿ, ಗಾಳಿಯ ತೇವ, ನಮ್ಮ ಮೇ ತಿಂಗಳ ಧಗೆ, ಇವೆಲ್ಲ ಸೇರಿ ಆ ಲೇಪ ಒಡೆಯುತ್ತದೆ. ಅಲಮಾರಿಯಲ್ಲಿ ಬೀಗ ಹಾಕಿ ಇಟ್ಟರೂ ಉದುರುತ್ತದೆ, ಹಂಗಾಗಿ ಹುಡುಗರನ್ನು ಬೈಯಬೇಡಿ. ಸೈಕಲ್ಲಿನ ಟೈರು ಸವೆಯುವಂಥದ್ದು, ಇದೂ ಹಂಗೇ. ಟೈರು ಸವೆಯಿತು ಅಂತ ಸೈಕಲ್ ಗುಜರಿಗೆ ಹಾಕುತ್ತೀರಾ?

ಬದಲಿಸುವುದು ದೊಡ್ಡ ವಿದ್ಯೆ ಏನಲ್ಲ. ಬಹಳ ಹೆಡ್‌ಫೋನುಗಳಲ್ಲಿ ಗಾದಿಯ ಹಿಂದಿನ ತೆಳು ಅಂಚು ಬಟ್ಟಲಿನ ಸಂದಿಯಲ್ಲಿ ಸಿಕ್ಕಿಸಿರುತ್ತದೆ, ದಿಂಬಿನ ಗಲೀಫು ಇದ್ದಂಗ. ಚಮಚೆಯ ಹಿಂಬದಿಯಿಂದ ಎಬ್ಬಿಸಿದರೆ ಬರುತ್ತದೆ. ಕೆಲವಕ್ಕೆ ಪ್ಲಾಸ್ಟಿಕ್ ಬಳೆಗೆ ಕೊಕ್ಕಿ ಇರುತ್ತವೆ, ಇನ್ನು ಕೆಲವನ್ನು ಅಂಟಿನಿಂದ ಕೂಡಿಸಿರುತ್ತಾರೆ. ಹೊರಗಿನ ಅಳತೆ, ಒಳಗಿನ ತೂತಿನ ಅಳತೆ, ದಪ್ಪ, ಈ ಮೂರನ್ನು ಬರೆದುಕೊಂಡು ಗಾದಿ ತರಿಸಬೇಕು. ಒಳಗಿನ ತೂತು ಕಿವಿಗಿಂತ ದೊಡ್ಡದಿರಲಿ, ಕಿವಿ ಮಡಚಿ ಕೂತರೆ ಅರ್ಧ ತಾಸಿಗೆ ನೋಯುತ್ತದೆ. ತೀರ ತೆಳುವಾದರೆ ಕಿವಿಯ ತುದಿ ಒಳಗಿನ ಪ್ಲಾಸ್ಟಿಕ್ಕಿಗೆ ತಾಗುತ್ತದೆ. ತೀರ ದಪ್ಪ ಹಾಕಿದರೆ ಸ್ಪೀಕರು ದೂರ ಆಗಿ ದನಿಯೇ ಬೇರೆ ಆಗುತ್ತದೆ. ಸ್ಪೀಕರಿನ ಮುಂದಿರುವ ತೆಳು ಬಟ್ಟೆ ಕಿತ್ತು ಒಗೆಯಬೇಡಿ. ಧೂಳು ಇದ್ದರೆ ಮೆತ್ತನ್ನ ಬ್ರಶ್ಶಿನಿಂದ ಜಾಡಿಸಿ. ಅದರ ಬದಲು ದಪ್ಪ ಅರಿವೆ ಹಾಕಿದರೆ ಮೊದಲು ಸಾಯುವುದು ಅದೇ ಸ, ಶ.

ರಾಯಚೂರಿನ ಒಂದು ಅಂಗಡಿಯಲ್ಲಿ ಗಾದಿ ಕೇಳಿದರೆ, "ಅದು ಬರಂಗಿಲ್ಲ, ಹೊಸಾ ಸೆಟ್ಟೇ ತಗೋರಿ" ಅಂತ ನಕ್ಕರು. ಸಿಟ್ಟಿನಲ್ಲಿ ಮನೆಗೆ ಬಂದು ನಾನೇ ಹೊಲಿದೆ. ನಾರಾಯಣಪೇಟ ಹತ್ತಿ ಸೀರೆಯ ಹಳೇ ತುಂಡು, ಒಳಗೆ ಸ್ಪಂಜು. ಕಿವಿಗೆ ಎಷ್ಟು ತಂಪು! ಹಾಡು ಹಚ್ಚಿದರೆ ಡಗ್ಗಾನೇ ಇಲ್ಲ. ಹತ್ತಿಯ ನೇಯ್ಗೆಯೊಳಗಿಂದ ಗಾಳಿ ಸೋರುತ್ತದೆ ಅನ್ನುವುದು ನನ್ನ ಮೂವತ್ತು ವರ್ಷದ ತಲೆಗೆ ಹೊಳೆದಿರಲಿಲ್ಲ. ಎರಡನೇ ಸಲ ದರ್ಜಿಯನ್ನು ಕೂಡ್ರಿಸಿಕೊಂಡು, ಹೊರಗಿನ ಗೋಡೆ ಒಳಗಿನ ಗೋಡೆ ರೆಕ್ಸಿನ್, ಚರ್ಮಕ್ಕೆ ತಾಗುವ ಮುಖ ಮಾತ್ರ ಹತ್ತಿ, ಹಿಂಗ ಹೊಲಿಸಿದೆ. ಡಗ್ಗಾ ಪೂರ್ತಿ ಅಲ್ಲದಿದ್ದರೂ ಬಹಳಷ್ಟು ತಿರುಗಿ ಬಂತು, ಬೆವರೂ ಕಡಿಮೆ. ಒಂದು ಜೋಡಿಗೆ ಬಿದ್ದ ಖರ್ಚು 60 ರೂಪಾಯಿ, ದರ್ಜಿಯ ಚಹಾ ಸೇರಿ.

ತಲೆಯ ಪಟ್ಟಿ ಬಿಗಿ ಅಂದರೆ ಅದಕ್ಕೂ ದಾರಿ ಅದ. ಉಕ್ಕಿನ ಪಟ್ಟಿ ಆದರೆ ರಾತ್ರಿ ಎರಡು ದಪ್ಪ ಪುಸ್ತಕದ ಮೇಲೆ ತೊಡಿಸಿ ಇಡಬೇಕು, ಮರುದಿನ ಸಡಿಲಾಗಿರುತ್ತದೆ. ಬರೀ ಪ್ಲಾಸ್ಟಿಕ್ಕಿನದಾದರೆ ಈ ಸಾಹಸ ಬೇಡ. ನಾನು ಒಂದನ್ನು ಹಿಂಗೇ ಲಟ್ ಅನಿಸಿದ್ದೇನೆ.

ವೈರಿನ ಮಾತು. ಒಳಗಿನ ತಾಮ್ರದ ಎಳೆಗಳ ಮೇಲೆ ಬಣ್ಣದ ವಾರ್ನಿಶ್ ಇರುತ್ತದೆ. ಅದನ್ನು ಸುಡದೆ ಬೆಸುಗೆ ಹಚ್ಚಿದರೆ ಕಚ್ಚುವುದಿಲ್ಲ, "ರಿಪೇರಿ ಆಗಂಗಿಲ್ಲ" ಅಂತ ಎಷ್ಟೋ ಹುಡುಗರು ಕೈ ಬಿಡುವುದು ಇಲ್ಲೇ. ಕಾದ ಸಾಲ್ಡರಿಂಗ್ ಐರನ್ನಿನ ತುದಿಯಲ್ಲಿ ಸೀಸದ ಹನಿ ಇಟ್ಟು, ಎಳೆಯನ್ನು ಅದರಲ್ಲಿ ಸ್ವಲ್ಪ ಹೊತ್ತು ಆಡಿಸಿ. ವಾರ್ನಿಶ್ ಸುಟ್ಟು ಬೆಳ್ಳಗೆ ಹೊಳೆಯುತ್ತದೆ. ಹೊಗೆ ಮೂಗಿಗೆ ತಗೋಬೇಡಿ. ನಾನು ಒಂದು ಹೆಜ್ಜೆ ಮುಂದೆ ಹೋಗಿ ಬಟ್ಟಲಿಗೇ 3.5 ಮಿಲಿಮೀಟರಿನ ಸಾಕೆಟ್ ಕೂಡ್ರಿಸುತ್ತೇನೆ. ಆಡಿನ ಕಾಲಿಗೆ ವೈರು ಸಿಕ್ಕರೂ ಪಿನ್ನು ಕಳಚಿ ಬರುತ್ತದೆ, ಬಟ್ಟಲು ಉಳಿಯುತ್ತದೆ.

ಇನ್ನೊಂದು ಕಡೆಯವರಿಗೂ ಎರಡು ಮಾತು. ಕೆಲವು ಹುಡುಗರು ಹೆಡ್‌ಫೋನಿನ ಬೆಲೆಗಿಂತ ಹೆಚ್ಚು ಕೊಟ್ಟು ಚಿನ್ನದ ಲೇಪದ ಪಿನ್ನು, ಹೆಣೆದ ವೈರು ತರಿಸಿ, "ದನಿ ಎಷ್ಟು ಸ್ವಚ್ಛ ಆಯ್ತು ಕೇಳ್ರಿ" ಅಂತಾರ. ನನಗೆ ಕೇಳಲಿಲ್ಲ. ವೈರು ಗಟ್ಟಿ ಇದ್ದರೆ ಸಾಕು, ದನಿಯನ್ನು ಬದಲಿಸುವುದು ಗಾದಿ. ಆ ರೊಕ್ಕದಾಗ ನಾಲ್ಕು ಹುಡುಗರಿಗೆ ಗಾದಿ ಹಾಕಿಸಬಹುದು.

ಕಂಪನಿಗಳು ಗಾದಿಯನ್ನು ಅಂಟಿಸಿ, ಬ್ಲೂಟೂತ್‌ನವುಗಳಲ್ಲಿ ಬ್ಯಾಟರಿಯನ್ನು ಒಳಗೇ ಹೂಳಿ ಮಾರುವುದು ತಿಳಿಯದೆ ಅಲ್ಲ. (ಆ ಬ್ಯಾಟರಿಗೆ ಚೂಪಾದದ್ದು ಚುಚ್ಚಬೇಡಿ, ಬೆಂಕಿ ಹತ್ತುತ್ತದೆ.) ನಮ್ಮ ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿಯ ಹಕ್ಕಿಗಾಗಿ ಸಮಿತಿ ಮಾಡಿತು, ಅದೇ ವರ್ಷ ಡಿಸೆಂಬರ್ 24ಕ್ಕೆ ಒಂದು ಪೋರ್ಟಲ್ ತೆರೆಯಿತು. ಅದರಲ್ಲಿ ಮೊಬೈಲು, ಎಲೆಕ್ಟ್ರಾನಿಕ್ ಸಾಮಾನಿನ ಜೊತೆ ಒಕ್ಕಲುತನದ ಯಂತ್ರಗಳೂ ಇವೆ, ಟ್ರ್ಯಾಕ್ಟರ್ ಇರುವವರು ಗಮನಿಸಿ. ಒಳ್ಳೇದೇ. ಆದರೆ ಪೋರ್ಟಲ್ಲು ಕಂಪನಿಯ ಕೈ ಹಿಡಿದು ಗಾದಿ ಮಾರಿಸುವುದಿಲ್ಲ. ಯುರೋಪಿನಲ್ಲಿ ಸಣ್ಣ ಸಾಮಾನುಗಳ ಬ್ಯಾಟರಿಯನ್ನು ಬಳಸುವವನೇ ಬಿಚ್ಚಿ ಬದಲಿಸುವಂತಿರಬೇಕು ಅನ್ನುವ ಕಾಯಿದೆಯನ್ನೇ ಮಾಡಿದ್ದಾರೆ, 2027ರ ಫೆಬ್ರವರಿ 18ರಿಂದ ಜಾರಿ. ಅವರಿಗೆ ಬರುವ ಹಕ್ಕು ನಮ್ಮ ಕೃಷ್ಣಾ ದಂಡೆಗೆ ಯಾಕ ಬರಬಾರದು?

ಬರುವ ತನಕ ಕಾಯೋಣ ಅಂತೀರಾ? ಮಾಸ್ತರೇ, ಕಾಗದ ಬರೆಯುವ ಮುಂದ ಹೊಸ ಹೆಡ್‌ಫೋನು ಅಂತ ಒಂದೇ ಸಾಲು ಬರೆಯಬೇಡಿ. ಗಾದಿ ಇಷ್ಟು ಜೋಡಿ, ವೈರು ಇಷ್ಟು ಗಜ ಅಂತ ಬರೀರಿ. ಗಾದಿ ಬದಲಿಗೆ ಸಿಗುವ ಮಾಲನ್ನೇ ಕೇಳ್ರಿ. ಏಳನೇ ಇಯತ್ತೆಯ ಹುಡುಗರಿಗೆ ಅಯಸ್ಕಾಂತದ ಪಾಠ ಹೇಳುವ ದಿನ ಸತ್ತ ಹೆಡ್‌ಫೋನೊಂದನ್ನು ಮೇಜಿನ ಮೇಲೆ ಬಿಚ್ಚಿ ಇಡ್ರಿ. ನನ್ನ ಹತ್ತಿರ ಒಂದು ಅದ, ಕೊಡ್ತೀನಿ.

ಆ ಚೀಲದ 11 ಈಗ ಚಾಲೂ ಇವೆ. ಆರು ಅದೇ ಶಾಲೆಗೆ ಹೋದವು, ಮಾಸ್ತರು ಏನೂ ಅನ್ನದೆ ಇಸಕೊಂಡರು. ಐದು ವಾಚನಾಲಯದಲ್ಲಿವೆ, ಹೆಸರು ಬರೆಸಿ ಒಯ್ಯಬಹುದು. ವೈರು ಕಡಿದ ಎರಡು ನನ್ನ ಮೇಜಿನ ಮೇಲೆ ಕೂತಾವ. ಬೆಸುಗೆ ಕಲಿಯುವ ಮನಸ್ಸಿದ್ದ ಇಬ್ಬರು ಹುಡುಗರನ್ನ ಆಯಿತವಾರ ಮುಂಜಾನೆ ಕಳಿಸ್ರಿ, ನಾನು ಕೈ ಹಚ್ಚದೆ ಇಟ್ಟೀನಿ.