ಹಳೆ ಅಂಬಾಸಿಡರ್ ಕೊಳ್ಳುವ ಮುನ್ನ: ತುಕ್ಕಿಗಿಂತ ದಾಖಲೆಯೇ ದೊಡ್ಡ ತೊಡಕು

ಒಂದು ಕಾಲಕ್ಕೆ ಊರ ಧಣಿಗಳ, ಸರಕಾರಿ ಸಾಹೇಬರ ಗತ್ತಿನ ಗುರುತಾಗಿದ್ದ ಅಂಬಾಸಿಡರ್ ಕಾರಿನ ತಯಾರಿಕೆ 2014ರ ಮೇ ತಿಂಗಳಿನಲ್ಲಿ ನಿಂತಿತು. ಪದ್ಮಿನಿ ಕಾರು ಅದಕ್ಕೂ ಮೊದಲೇ ಮರೆಯಾಗಿತ್ತು. ಆದರೆ ಇಂತಹ ಕಾರನ್ನು ಕೊಂಡು ರಿಪೇರಿ ಮಾಡಿಸಿ ಓಡಿಸುವ ಆಸೆ ಇರುವವರಿಗೆ ಕೊರತೆಯಿಲ್ಲ. ಗಡಿನಾಡಿನವರ ಮಟ್ಟಿಗೆ ಈ ಆಸೆಗೆ ಮೊದಲು ಅಡ್ಡ ಬರುವುದು ಎಂಜಿನ್ ಅಲ್ಲ, ಆರ್‌ಸಿ ಪುಸ್ತಕ.

ಕಾರು ಮಂಗಳೂರಿನಲ್ಲಿ, ಕೊಳ್ಳುವವರು ಮಂಜೇಶ್ವರದಲ್ಲಿ. ಕಾರು ಬೆಂಗಳೂರಿನಲ್ಲಿ, ಕೊಳ್ಳುವವರು ಹೊಸೂರಿನಲ್ಲಿ. ದೂರ ಕಡಿಮೆಯಾದರೂ ರಾಜ್ಯ ಬೇರೆ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಬೇರೆ ರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಹೊಸ ನಂಬರ್ ಪಡೆಯಬೇಕು. ಅದಕ್ಕೆ ಮೂಲ ಆರ್‌ಟಿಒ ಕಚೇರಿಯ ಎನ್‌ಒಸಿ ಬೇಕು. ತೆರಿಗೆ ಬಾಕಿ, ಬ್ಯಾಂಕ್ ಸಾಲ ಅಥವಾ ಪೊಲೀಸ್ ಕೇಸು ಇದ್ದರೆ ಎನ್‌ಒಸಿ ಅಲ್ಲೇ ನಿಲ್ಲುತ್ತದೆ. ಆರ್‌ಸಿಯಲ್ಲಿರುವ ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಕೈ ಬದಲಾಗುತ್ತಾ ಬಂದ ಹಳೆ ಕಾರುಗಳಲ್ಲಿ ಈ ಕೊಂಡಿ ತಪ್ಪಿಹೋಗಿರುವುದೇ ಹೆಚ್ಚು.

ಖರ್ಚೂ ಏರಿದೆ. 15 ವರ್ಷ ಮೀರಿದ ಖಾಸಗಿ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂ.ಗಳಿಂದ 5,000 ರೂ.ಗೆ ಏರಿತು. 20 ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 10,000 ರೂ. ಮಾಡಲಾಯಿತು. ನವೀಕರಣ ಸಿಗುವುದು ಐದು ವರ್ಷಕ್ಕೆ ಮಾತ್ರ. ಆಯಾ ರಾಜ್ಯದ ತೆರಿಗೆ, ಹಸಿರು ತೆರಿಗೆ ಇದಕ್ಕೆ ಹೊರತು.

‘ವಿಂಟೇಜ್ ಎಂದು ಮಾಡಿಸಿದರಾಯಿತು’ ಎಂಬ ಮಾತೂ ಕೇಳಿಬರುತ್ತದೆ. 2021ರ ಜುಲೈನಲ್ಲಿ ಕೇಂದ್ರ ಸರಕಾರ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನ ಮಾತ್ರ ವಿಂಟೇಜ್. ಚಾಸಿ, ಬಾಡಿ ಅಥವಾ ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೀಗಾಗಿ ಪೆಟ್ರೋಲ್ ಎಂಜಿನ್ ತೆಗೆದು ಬೇರೆ ಡೀಸೆಲ್ ಎಂಜಿನ್ ಕೂರಿಸಿದ ಕಾರಿಗೆ ಈ ಬಾಗಿಲು ಮುಚ್ಚಿದಂತೆ. ಹೊಸ ನೋಂದಣಿಗೆ 20,000 ರೂ., ಅವಧಿ 10 ವರ್ಷ. ಮುಖ್ಯವಾಗಿ, ಅಂತಹ ಕಾರನ್ನು ಪ್ರದರ್ಶನ, ರ್‍ಯಾಲಿ, ದುರಸ್ತಿ ಮುಂತಾದವಕ್ಕೆ ಮಾತ್ರ ರಸ್ತೆಗಿಳಿಸಬಹುದು; ದಿನನಿತ್ಯ ಸಂತೆಗೋ ತೋಟಕ್ಕೋ ಓಡಿಸುವಂತಿಲ್ಲ.

ದಾಖಲೆ ಸರಿಯಿದ್ದರೆ ನಂತರ ಕಾರಿನ ಸರದಿ. ಕರಾವಳಿಯ ಉಪ್ಪುಗಾಳಿ, ಮಳೆಗೆ ಕಬ್ಬಿಣ ಬೇಗ ತಿನ್ನಲ್ಪಡುತ್ತದೆ. ಆದವಾನಿ, ಸೊಲ್ಲಾಪುರದ ಒಣ ಹವೆಯಲ್ಲಿ ತುಕ್ಕು ಕಡಿಮೆ, ಆದರೆ ಬಿಸಿಲಿಗೆ ರಬ್ಬರು, ಬಣ್ಣ ಸೀಳುತ್ತವೆ. ಹೊಳೆಯುವ ಪೇಂಟಿಗೆ ಮರುಳಾಗದೆ ಕಾಲಡಿಯ ಮ್ಯಾಟ್ ಎತ್ತಿ ತಳ ನೋಡಬೇಕು. ಬಾಗಿಲ ಕೆಳಭಾಗ, ಡಿಕ್ಕಿಯ ತಳಕ್ಕೆ ಸಣ್ಣ ಅಯಸ್ಕಾಂತ ಹಿಡಿದು ನೋಡಿದರೆ ಸಾಕು. ಅಂಟದ ಕಡೆ ತಗಡಿನ ಬದಲು ಪುಟ್ಟಿ ಇರುತ್ತದೆ. ಎಂಜಿನ್ ಕೆಲಸಕ್ಕೆ ಮೇಸ್ತ್ರಿ ಸಿಕ್ಕಾನು, ಕೊಳೆತ ತಳ ಕಟ್ಟಿಸುವ ಖರ್ಚು ಮಾತ್ರ ಕಾರಿನ ಬೆಲೆಯನ್ನೇ ಮೀರಬಹುದು.

ಪೆಟ್ರೋಲಿನದೂ ಹೊಸ ಲೆಕ್ಕ. 2025ರಲ್ಲಿ ದೇಶವು ಪೆಟ್ರೋಲಿಗೆ ಶೇ. 20 ಎಥೆನಾಲ್ ಬೆರೆಸುವ ಗುರಿ ಮುಟ್ಟಿತು. ಎಥೆನಾಲ್ ನೀರಿನಂಶವನ್ನು ಎಳೆದುಕೊಳ್ಳುತ್ತದೆ, ಹಳೆ ಕಾಲದ ರಬ್ಬರ್ ಪೈಪು, ವಾಷರುಗಳನ್ನು ಕೆಡಿಸುತ್ತದೆ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಕಾರಿಗೆ ಇದರ ಬಾಧೆ ಹೆಚ್ಚು. ಇವನ್ನು ಬದಲಿಸುವ ವೆಚ್ಚವನ್ನು ಮೊದಲೇ ಸೇರಿಸಿಕೊಳ್ಳಬೇಕು.

ಚಾಸಿ ಮೇಲೆ ಕೊರೆದ ನಂಬರ್ ಆರ್‌ಸಿಗೆ ತಾಳೆಯಾಗುವವರೆಗೆ ಮುಂಗಡ ಬೇಡ, ಎನ್‌ಒಸಿ ಕೈಗೆ ಬರುವವರೆಗೆ ಪೂರ್ತಿ ಹಣ ಬೇಡ. ತುಕ್ಕು ಹಿಡಿದ ತಗಡನ್ನು ಮೇಸ್ತ್ರಿ ಬದಲಿಸಿಯಾನು. ಹೆಸರಿಗೆ ಬಾರದ ಕಾರು ಎಷ್ಟೇ ಹೊಳೆದರೂ ಅಂಗಳದಲ್ಲೇ ನಿಲ್ಲಬೇಕಾಗುತ್ತದೆ.